ನಮ್ಮೂರ ಆಕಾಶಕ್ಕೆ ಹೊಸ ಕಾರ್ಡು

ಹೊಗೆ ಆಕಾಶವನ್ನು ಮುಚ್ಚಿದ ಮೇಲೆ ನಮ್ಮೂರಿಗೆ ಸೂರ್ಯ, ಮೋಡ, ಚುಕ್ಕಿ ಎಲ್ಲವನ್ನೂ ಬಿಡಿಸುವುದು ಪುರಸಭೆಯ ಗ್ರಾಫಿಕ್ಸ್ ಕಾರ್ಡೇ. ಹಳೆಯದು ಸುಟ್ಟುಹೋಯಿತು. ಎರಡು ಹೊಸ ಕಾರ್ಡುಗಳನ್ನು ಹೋಲಿಸಿ ವರದಿ ಕೊಡುವ ಕೆಲಸ ನನಗೆ ಬಿತ್ತು.

ನಿನ್ನೆ ಹಾಕಿದ ಹದಿನಾರು ಜಿಬಿಯ ಕಾರ್ಡಿನಲ್ಲಿ ಕೊಕ್ಕರೆಯ ಪುಕ್ಕ ಎಣಿಸಬಹುದಿತ್ತು. ಸೂರ್ಯ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿದ. ಇವತ್ತಿನ ಎಂಟು ಜಿಬಿಯದಕ್ಕೆ ಮೋಡಗಳೇ ಭಾರವಾಗಿ, ಸೂರ್ಯ ಗುಡ್ಡದ ಮೇಲೆ ಹತ್ತು ನಿಮಿಷ ಸಿಕ್ಕಿಹಾಕಿಕೊಂಡ. ದರಿದ್ರ ಕಾರ್ಡು ಎಂದು ಬೈಯುತ್ತಲೇ ಮನೆಗೆ ಬಂದೆ.

ಹೊತ್ತು ಮುಳುಗಿದರೆ ಅವ್ವನಿಗೆ ದೀಪ, ಪಕ್ಕದ ಮನೆಯ ಖೈರುನಬಿಗೆ ನಮಾಜು. ಕಟ್ಟೆಯ ಮೇಲಿನ ಅವರ ಮಾತು ದಿನಾ ಅರ್ಧಕ್ಕೇ ನಿಲ್ಲುತ್ತದೆ. ಇವತ್ತು ಅವ್ವ ನಗುತ್ತಾ ಒಳಬಂದಳು.

"ಸೂರ್ಯಪ್ಪ ನಮ್ಮ ಮಾತು ಮುಗಿಯೂತನಕ ಕುಂತಿದ್ದ ನೋಡಪಾ!"

ವರದಿ ತೆರೆದೆ. ಎಂಟು ಜಿಬಿಯ ಕಾರ್ಡಿನ ಮುಂದೆ, ದೋಷ ಎಂಬಲ್ಲಿ, 'ಯಾವುದೂ ಇಲ್ಲ' ಎಂದು ಬರೆದೆ.