ಹನ್ನೊಂದು ವರ್ಷದ ಸೀಸೆ

ಓಕಿನಾವಾದ ಫೆಬ್ರವರಿ ಶಿಬಿರದಲ್ಲಿ ಬೇಸ್‌ಬಾಲ್ ತಂಡದ ಸಾಮಾನು ನೋಡಿಕೊಳ್ಳುತ್ತಿದ್ದ ಮುದುಕ ಒಗಾಟಾ, ಎದುರಾಳಿ ತಂಡಕ್ಕೆ ವರ್ಗವಾದ ಕ್ಯಾಚರ್ ಮಿಕುರಿಯಾನಿಂದ ಸಮವಸ್ತ್ರ, ಬೀಗದ ಕೈ ವಾಪಸು ಪಡೆದರು. ಇನ್ನು ಹನ್ನೊಂದು ವರ್ಷದ ನೆನಪೊಂದೇ ಬಾಕಿ. ತಂಡದ ಗುಟ್ಟಿನ ಸನ್ನೆಗಳು ಹೊರಗೆ ಹೋಗಬಾರದಲ್ಲ. ಹಾಗಾಗಿ ಬಿಟ್ಟುಹೋಗುವವರು ಇಲ್ಲಿ ಕಳೆದ ದಿನಗಳನ್ನೆಲ್ಲ ಸೀಸೆಯಲ್ಲಿ ಇಟ್ಟುಹೋಗುವುದು ರೂಢಿ.

"ನೋವಾಗುತ್ತಾ, ಒಗಾಟಾ ಸಾನ್?"

"ಕ್ಷೌರಕ್ಕಿಂತ ಬೇಗ ಮುಗಿಯುತ್ತಪ್ಪ. ಟೋಪಿ ತೆಗಿ."

ಮುಗಿಯಿತು. ಒಗಾಟಾ ಸೀಸೆಗೆ ಚೀಟಿ ಅಂಟಿಸಿದರು. ಮಿಕುರಿಯಾ ಎದ್ದು, ಸೊಂಟ ಬಗ್ಗಿಸಿ ವಂದಿಸಿದ.

"ನಿಮ್ಮನ್ನ ಮೊದಲ ಸಲ ನೋಡ್ತಿದೀನಿ. ನಾನು ಮಿಕುರಿಯಾ ಅಂತ."

"ಸಂತೋಷ," ಎಂದರು ಒಗಾಟಾ.

ಬಸ್ಸಿಗೆ ಕಾಯುತ್ತ ಮಿಕುರಿಯಾ ತನ್ನ ಗ್ಲವ್‌ನ ಸಡಿಲ ದಾರ ಬಿಗಿಯತೊಡಗಿದ. ಎಡಕ್ಕೆ ಎರಡು ಸುತ್ತು, ಒಳಗಿನಿಂದ ಗಂಟು, ಆಮೇಲೆ ಹಲ್ಲಿನಲ್ಲಿ ಕಚ್ಚಿ ಒಂದು ಎಳೆತ. ಹಾಗೆ ಗಂಟು ಹಾಕುವವರು ಇಡೀ ಜಪಾನಿನಲ್ಲಿ ಒಗಾಟಾ ಒಬ್ಬರೇ. ಹದಿನೆಂಟನೇ ವಯಸ್ಸಿನಲ್ಲಿ ತಂಡ ಸೇರಿದ ಮಿಕುರಿಯಾನಿಗೆ ಅದನ್ನು ಕಲಿಸಿದವರೂ ಅವರೇ.

ತಂಡ ಬಿಡುವವರಿಗಾಗಿ ಒಗಾಟಾ ತುಂಬಬೇಕಿದ್ದ ಅರ್ಜಿ ನಮೂನೆಯಲ್ಲಿ ಕೊನೆಯ ಪ್ರಶ್ನೆಯೊಂದು ಉಳಿದಿತ್ತು: ತಂಡದ ಸ್ವತ್ತು ಇನ್ನೇನಾದರೂ ಆಟಗಾರನ ಬಳಿ ಇದೆಯೇ? ಇದೆ ಎಂದು ಬರೆದರೆ ಕೈಗಳು ಇಲ್ಲಿ ಕಲಿತದ್ದನ್ನೂ ಸೀಸೆಗೆ ತೆಗೆದು ಬರಿದು ಮಾಡಬೇಕು.

ಒಗಾಟಾ ಆ ಗಂಟನ್ನೇ ಒಂದಿಷ್ಟು ಹೊತ್ತು ನೋಡಿದರು. 'ಏನೂ ಇಲ್ಲ' ಎಂದು ಬರೆದು ಮೊಹರು ಒತ್ತಿದರು.