ಭೂಪಟದ ಮೇಲೆ ತೆಂಗಿನಕಾಯಿ

ಮಾಳಿಂಗಪ್ಪ ಬರಿಗಾಲಲ್ಲಿ ಅರಬ್ಬಿ ಸಮುದ್ರವನ್ನು ಒಂದೇ ಹೆಜ್ಜೆಗೆ ದಾಟಿದ. ಅಂಗೈ ಮೇಲೆ ಅಡ್ಡ ಮಲಗಿದ್ದ ತೆಂಗಿನಕಾಯಿ ಅಲುಗಲಿಲ್ಲ.

ಮಸ್ಕಿಯ ಕಲ್ಯಾಣ ಮಂಟಪದ ನೆಲದ ತುಂಬ ಜಗತ್ತಿನ ನಕ್ಷೆ ಹಾಸಿತ್ತು. ಬಂಡೆಗಳ ಗುಣ, ವಯಸ್ಸು ನೋಡಿ ಭೂಮಿಯನ್ನೆಲ್ಲ ಸೀಮೆಗಳಾಗಿ ಹಂಚಿ ಬಣ್ಣ ಬಳಿದಿದ್ದರು. ಇನ್ನೂ ಯಾರೂ ಕಾಣದ ಎಣ್ಣೆ ಯಾವ ಸೀಮೆಯಡಿ ಎಷ್ಟಿದ್ದೀತು ಎಂದು ಅಂದಾಜಿಸುವುದು ಗಂಗಾಧರ ಸಾಹೇಬರ ಕೆಲಸ. ಮಾಳಿಂಗಪ್ಪನದು ಬೋರ್‌ವೆಲ್ ಪಾಯಿಂಟ್ ತೋರಿಸುವ ಕೆಲಸ. ನೀರಿದ್ದಲ್ಲಿ ಅವನ ಅಂಗೈಯ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆಂದು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ನಂಬಿದ್ದರು. ನೀರು ಕಂಡವನಿಗೆ ಎಣ್ಣೆ ಕಾಣದೇ ಎಂದು ಸಾಹೇಬರು ಜೀಪು ಕಳಿಸಿ ಕರೆಸಿದ್ದರು.

ಕರೆಸಿದ್ದು ಅದಕ್ಕಲ್ಲ ಎಂಬ ಅನುಮಾನ ಮಾಳಿಂಗಪ್ಪನಿಗೆ ಈಗ ಹತ್ತಿತು. ಸಾಹೇಬರು ನಕ್ಷೆ ನೋಡುತ್ತಿರಲಿಲ್ಲ. ಕಾಯಿಯನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಕಾಯಿ ಎಬ್ಬಿಸುವ ಅವನ ಕೈ ಹೆಬ್ಬೆರಳ ಮೇಲೆ ನೆಟ್ಟಿತ್ತು. ಸಹಾಯಕಿ ಶಾಹೀಸ್ತಾ ಮಂಡಿಯೂರಿ, ಮೊಬೈಲಿನಲ್ಲಿ ಅದನ್ನೇ ಕೆಳಗಿನಿಂದ ವಿಡಿಯೊ ಮಾಡುತ್ತಿದ್ದಳು.

ಢೋಂಗಿ ಹಿಡಿಯುವವರು ಹೀಗೇ ಮರ್ಯಾದೆಯಿಂದ ಕರೆಸುತ್ತಾರೆಂದು ಹೆಂಡತಿ ಗಿರಿಯಮ್ಮ ಎಚ್ಚರಿಸಿದ್ದಳು. ಈ ವಿಡಿಯೊ ಊರು ಮುಟ್ಟಿದರೆ ಅಪ್ಪನ ಕಾಲದಿಂದ ಬಂದ ಹೆಸರು ಮಣ್ಣುಪಾಲು. ಆಮೇಲೆ ಯಾವ ಹೊಲಕ್ಕೂ ಕರೆಯುವವರಿಲ್ಲ; ಕಂಡಲ್ಲಿ ನಗುವವರೇ.

"ಕೈ ಯಾಕ ಕೆಳಗ ಇಳ್ಯಾಕತ್ತೈತ್ರಿ ಮಾಳಿಂಗಪ್ಪ?"

"ಎಣ್ಣಿ ಭಾಳ ಆಳದಾಗ ಐತ್ರಿ ಸಾಹೇಬ್ರ. ಎಳೀತೈತಿ."

ಇನ್ನು ತಡ ಮಾಡಿದರೆ ಕೆಟ್ಟೆನೆಂದು ಹಿಂದಕ್ಕೆ ಸರಿದು, ಕಾಲಿಗೆ ಸಿಕ್ಕ ಗುಲಾಬಿ ಸೀಮೆಯೊಂದರ ಮೇಲೆ ನಿಂತ. ಕಾಯಿ ನೆಟ್ಟಗೆ ಎದ್ದು ನಿಂತಿತು.

"ಇಲ್ಲ್ಯಾಕ ನಿಲ್ಲಿಸಿದ್ರಿ?"

"ನಾ ನಿಲ್ಲಿಸಿಲ್ರಿ. ಅದಽ ನಿಂತೈತಿ."

ಶಾಹೀಸ್ತಾ ನಗು ತಡೆದಳು. "ಕಾಕಾ, ಅದು ನಮ್ಮ ಮಸ್ಕಿ ಇರೋ ಸೀಮಿ. ಬರೇ ಗಟ್ಟಿ ಕಲ್ಲು. ಎಣ್ಣಿ ಬಿಡ್ರಿ, ತಲೀಗೆ ಹಚ್ಚೋವಷ್ಟು ಜಿಡ್ಡೂ ಇಲ್ಲ ಅದರಾಗ."

ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಸಾಹೇಬರು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದರು.

"ವಿಡಿಯೊ ಸರಿಯಾಗಿ ಬಂತೇನವಾ?"

"ಹೆಬ್ಬೆರಳು ಪೂರಾ ಕಾಣ್ತೈತ್ರಿ ಸರ್. ಹೆಂಗ ಎತ್ತಿದ್ರು ಅನ್ನೋದೂ."

ಮಾಳಿಂಗಪ್ಪ ಕಣ್ಣು ಮುಚ್ಚಿದ. "ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಸಾಹೇಬ್ರ."

ಕಣ್ಣು ತೆರೆದರೆ, ಬೂಟು ಕಳಚಿದ ಸಾಹೇಬರು ರಷ್ಯಾದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಅವರ ಅಂಗೈಯಲ್ಲೂ ಒಂದು ತೆಂಗಿನಕಾಯಿ ಮಲಗಿತ್ತು.

"ಇನ್ನೊಮ್ಮೆ ನಿಧಾನಕ ತೋರಿಸ್ರಿ ಗುರುಗಳ. ಜಗತ್ತಿನ ಎಣ್ಣಿ ಲೆಕ್ಕ ಹೆಂಗ ಹಾಕಿದಿ, ಮಾಡಿ ತೋರಿಸು ಅಂತ ದಿಲ್ಲಿ ಸಾಹೇಬ್ರು ಸಂಜಿಕ ಬರಾಕತ್ತಾರ. ನಾನೂ ಕಾಯಿ ಹಿಡಿದಽ ಲೆಕ್ಕ ಹಾಕೀನ್ರಿ, ಆದ್ರ ಯಾರರ ನೋಡಾಕ ಕುಂತ್ರ ಅದು ಏಳವಲ್ದು."