ಪದಕ ತೊಡಿಸುವ ಸರದಿ

ಹುಲ್ಲಿನೊಳಗೆ ಹಣ್ಣಾಗುವ ಕೆಂಪು ಬಾಳೆಯ ವಾಸನೆ, ಕಮಲಾಪುರದ ಅಜ್ಜಿಮನೆಯ ಆ ವಾಸನೆ, ಕಲಬುರಗಿಯ ಕ್ರೀಡಾಂಗಣದಲ್ಲಿ ಪದಕ ಹಿಡಿದು ನಿಂತಿದ್ದ ರಾಜೇಶ್ರೀಗೆ ಎಲ್ಲಿಂದಲೋ ಬಂತು. ಜಿಲ್ಲೆಯ ‘ವರ್ಷದ ಓಟಗಾರ್ತಿ’ ಪದಕ ಹೋದ ವರ್ಷ ಅವಳದಾಗಿತ್ತು, ಈ ವರ್ಷ ಮುಬಶ್ಶಿರಾಳದು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ರಾಜೇಶ್ರೀ ಇನ್ನು ಓಟ ಸಾಕೆಂದು ತೀರ್ಮಾನಿಸಿಯೇ ಬಂದಿದ್ದಳು.

ವೇದಿಕೆಯ ಮೇಲೆ, ಅವಳಿಗೆ ಓಟ ಕಲಿಸಿದ ಗುರುಲಿಂಗ ಮಾಸ್ತರರು ಮೈಕು ಹಿಡಿದಿದ್ದರು. “ದೇಶದ ವರ್ಷದ ಅಥ್ಲೀಟ್ ಪ್ರಶಸ್ತಿಯೊಳಗ ಮೊದಲಿಂದ ಒಂದು ಪದ್ಧತಿ ಅದ ರೀ. ಹೋದ ವರ್ಷ ಗೆದ್ದವರು ಈ ವರ್ಷದವರಿಗೆ ಪದಕ ಹಾಕಬೇಕು. ನಾವೂ ಅದನ್ನ ಮಾಡ್ತೇವಿ. ಒಮ್ಮೆ ಒಬ್ಬಾಕಿ ಕಾಲು ಮುರಕೊಂಡು, ಬಗಲಾಗ ಕೋಲು ಇಟ್ಕೊಂಡು ಬಂದು ಹಾಕಿದ್ಲು. ಮುಂದ ಅದನ್ನ ಮತ್ತ ತಾನೇ ಗೆದ್ಲು!”

ನನಗೇ ಹೇಳುತ್ತಿದ್ದಾರೆ ಎಂದು ರಾಜೇಶ್ರೀಗೆ ಸಿಟ್ಟು ಬಂತು. ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಮೊಣಕಾಲು ಮಡಚಲಿಲ್ಲ. ಅಷ್ಟರಲ್ಲಿ ಮುಬಶ್ಶಿರಾ ಮೇಲಿನಿಂದ ದಡದಡನೆ ಇಳಿದು ಬಂದು, ಅವಳೆದುರು ನೆಲದ ಮೇಲೆ ನಿಂತು ತಲೆ ಬಾಗಿಸಿದಳು.

“ಹಾಕ್ರಿ ಅಕ್ಕಾ. ಮುಂದಿನ ವರ್ಷ ನಾ ನಿಮಗ ಹಾಕ್ತೀನಿ. ಹಂಗಂತ ಬಿಟ್ಟುಕೊಡಂಗಿಲ್ಲ ಮತ್ತ, ನನ್ನ ಹಿಂದ ಹಾಕಿ ತಗೋಬೇಕು.”

“ನಿನ್ನ ಹಿಂದ ಹಾಕಾಕ ನನಗ ಒಂದ ಕಾಲು ಸಾಕ ಬಿಡವ್ವಾ,” ಎಂದುಬಿಟ್ಟ ರಾಜೇಶ್ರೀ ತನ್ನ ಮಾತಿಗೆ ತಾನೇ ಬೆರಗಾದಳು.

ಪದಕ ತೊಡಿಸಿ ಕುರ್ಚಿಗೆ ಮರಳಿದಾಗ ಆ ವಾಸನೆ ಇನ್ನೂ ಹತ್ತಿರವಾಯಿತು. ಹಿಂದಿನ ಸಾಲಿನಲ್ಲಿದ್ದ ಮುಬಶ್ಶಿರಾಳ ತಾಯಿ ಶಾಹಜಾದಿ ಮುಂದೆ ಬಾಗಿದಳು. ಮಗಳಿಗೆಂದು ಕಮಲಾಪುರದಿಂದ ತಂದಿದ್ದ ರೊಟ್ಟಿ ಪಲ್ಯದ ಬುತ್ತಿಯನ್ನು, ಅದರ ಮೇಲಿನ ಕೆಂಪು ಬಾಳೆಹಣ್ಣಿನ ಸಮೇತ, ರಾಜೇಶ್ರೀಯ ಮಡಿಲಲ್ಲಿ ಇಟ್ಟಳು.